ನನ್ನ ಮಗಳ ಮೊಣಕೈಯೂ ಕೊಬ್ಬರಿ ಎಣ್ಣೆಯೂ

ಗ್ರಂಧಿಗೆ ಅಂಗಡಿ ಇಟ್ಟವರ ಮನೆಯಲ್ಲಿ ಯಾರಿಗೂ ಕೆಮ್ಮು ಬರಬಾರದು, ಯಾರ ಹೊಟ್ಟೆಯೂ ಕೆಡಬಾರದು, ಯಾರ ಮೈಯೂ ಕೆರೆಯಬಾರದು. ಬಂತೋ, ಊರಿಗೆಲ್ಲ ತಮಾಷೆ. ನಮ್ಮ ಮನೆಯಲ್ಲಿ ಮೂರೂ ಬರುತ್ತವೆ. ಹಾಗಾಗಿ ತಮಾಷೆಗೆ ಯಾವತ್ತೂ ಬರಗಾಲವಿಲ್ಲ.

ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ನಮ್ಮ ಮಾವನವರು ಇಟ್ಟ ಅಂಗಡಿ ನಮ್ಮದು. ಅರಿಶಿನದ ಕೊಂಬು, ಸೀಗೆಕಾಯಿ, ಬೇವಿನ ಪುಡಿ, ಕಚೋರ, ಲಾವಂಚ, ಗಾಣದಲ್ಲಿ ಆಡಿಸಿದ ಕೊಬ್ಬರಿ ಎಣ್ಣೆ, ಏನು ಬೇಕೋ ಕೇಳಿ. ಯಜಮಾನರು ಸಾಮಾನು ತರುವುದಕ್ಕೆ ಮೈಸೂರು, ಈರೋಡು ಅಂತ ಓಡಾಡಿಕೊಂಡಿರುತ್ತಾರೆ. ಗಲ್ಲಾ ಮೇಲೆ ಕೂರುವವಳು ನಾನು. ಅಂಗಡಿಯ ಹಿಂದಿರುವ ಮನೆ, ಹಿತ್ತಲು, ಹಿತ್ತಲಿನ ಎಮ್ಮೆ, ಇಷ್ಟನ್ನೂ ಆಳುವವರು ನಮ್ಮತ್ತೆ. ಧನಗೆರೆಯ ಹೆಣ್ಣುಮಗಳು. ಅವರು ಮೆಲ್ಲಗೆ ಮಾತಾಡಿದರೂ ಎದುರು ಹೋಟೆಲಿನಲ್ಲಿ ಕಾಫಿ ಕುಡಿಯುವವರು ಲೋಟ ಕೆಳಗಿಟ್ಟು ಕೇಳುತ್ತಾರೆ. ನನ್ನ ಬಾಯೇನು ಕಮ್ಮಿ ಅಂತ ಅಲ್ಲ. ಆದರೆ ಅವರ ಮುಂದೆ ನಾನು ಮೌನಗೌರಿ.

ನನ್ನ ಮಗಳು ಏಳನೇ ಕ್ಲಾಸು. ಹುಟ್ಟಿದಾಗಿನಿಂದ ಅವಳದು ಒಣಚರ್ಮ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದುಗಡೆ ಇಸುಬು ಏಳುತ್ತದೆ. ಕೆಂಪಗಾಗುತ್ತದೆ, ಕೆರೆಯುತ್ತದೆ, ಒಂದಿಷ್ಟು ದಿನ ಸುಮ್ಮನಿದ್ದು ಮತ್ತೆ ಏಳುತ್ತದೆ. ಅವಳಿಗೆ ಅದರ ಚಿಂತೆಯಿಲ್ಲ. ಅವಳ ಜೀವವೆಲ್ಲ ಕಬಡ್ಡಿ. ಸ್ಕೂಲಿನ ಟೀಮಿಗೆ ಸೇರಬೇಕು ಅಂತ ಹಗಲೂ ರಾತ್ರಿ ಜಪ ಮಾಡುತ್ತಿದ್ದಳು. ಪಿ.ಟಿ. ಮೇಷ್ಟ್ರು ಒಂದೇ ಮಾತು ಹೇಳಿದರು: "ಮೊದ್ಲು ಕೈ ಕಾಲು ಸರಿಹೋಗ್ಲಮ್ಮ, ಆಮೇಲೆ ನೋಡೋಣ. ಅಂಟ್ಕೊಳ್ತದೆ ಅಂತ ಬೇರೆ ಮಕ್ಕಳ ಮನೆಯವ್ರು ಗಲಾಟೆ ಮಾಡ್ತಾವ್ರೆ."

ಅವತ್ತಿನಿಂದ ಆ ಕೂಸು ನಮ್ಮ ಕೊಳ್ಳೇಗಾಲದ ಬಿಸಿಲಲ್ಲಿ ತುಂಬು ತೋಳಿನ ಅಂಗಿ ಹಾಕಿಕೊಂಡು, ಮೈದಾನದ ಮೆಟ್ಟಿಲ ಮೇಲೆ ಕೂತು, ಆಡುವವರ ಚಪ್ಪಲಿ ಕಾಯುತ್ತಿತ್ತು. ಅದನ್ನು ಒಂದು ದಿನ ಕಣ್ಣಾರೆ ಕಂಡೆ. ಇವಳನ್ನು ಆ ಅಂಕಣಕ್ಕೆ ಇಳಿಸದೆ ಬಿಡುವುದಿಲ್ಲ ಅಂತ ಅಲ್ಲೇ ನಿರ್ಧಾರ ಮಾಡಿದೆ. ಆಮೇಲೆ ನಡೆದದ್ದೇ ಈ ಕಥೆಗಳು.

೧. ಹಳದಿ ಹುಡುಗಿ

ಮೊದಲ ವೈದ್ಯರು ನಮ್ಮತ್ತೆಯೇ. "ಅಂಗಡಿ ತುಂಬ ಬೇವು, ಅರಿಶ್ಣ ಮಡೀಕಂಡು ಕೂಸ್ನ ಆಸ್ಪತ್ರೆಗೆ ಕರ್ಕಂಡೋಯ್ತೀನಿ ಅಂತೀಯಲ್ಲವ್ವ, ಜನ ನೋಡಿದ್ರೆ ನಗಾಕಿಲ್ವಾ?" ಅಂದರು. ನನಗೂ ಮಾತು ಸರಿ ಅನ್ನಿಸಿತು. ನಾವೇ ನಮ್ಮ ಸಾಮಾನನ್ನು ನಂಬದೆ ಹೋದರೆ ಗಿರಾಕಿ ಯಾಕೆ ನಂಬಬೇಕು?

ಭಾನುವಾರ ಬೆಳಗ್ಗೆ ಒಳಕಲ್ಲಿನಲ್ಲಿ ಹಸಿ ಬೇವು, ಅರಿಶಿನ ನುಣ್ಣಗೆ ಅರೆದು, ಕೈಗೆ ಕಾಲಿಗೆ ಅಂತ ಶುರು ಮಾಡಿ, ಉಳಿದದ್ದು ಯಾಕೆ ದಂಡ ಅಂತ ಮುಖಕ್ಕೂ ಮೆತ್ತಿಬಿಟ್ಟರು. "ಅಜ್ಜಿ, ಉರೀತದೆ!" ಅಂತ ಕೂಸು ಕುಣಿಯಿತು. "ಉರೀಲಿ, ರೋಗ ಓಡೋಯ್ತಾ ಅದೆ," ಅಂತ ಅತ್ತೆ ಅವಳನ್ನು ಒಣಗುವುದಕ್ಕೆ ಬೀದಿ ಬಾಗಿಲ ಜಗುಲಿಯ ಮೇಲೆ ಕೂರಿಸಿದರು. ನೊಣ ಓಡಿಸಿಕೊಳ್ಳಲಿ ಅಂತ ಕೈಗೆ ಒಂದು ಬೇವಿನ ಕೊಂಬೆ ಬೇರೆ ಕೊಟ್ಟರು.

ನಮ್ಮ ಕಡೆ ಹೆಣ್ಣುಮಗಳು ದೊಡ್ಡವಳಾದಾಗ ಅರಿಶಿನ ಹಚ್ಚಿ, ಬೇವಿನ ಸೊಪ್ಪು ಇಟ್ಟು ಕೂರಿಸುತ್ತಾರೆ. ಸೋದರಮಾವ ಬಂದು ಅವಳು ಕೂರುವುದಕ್ಕೆ ಹಸಿ ಸೊಪ್ಪಿನ ಗುಡ್ಲು ಹಾಕಬೇಕು. ನೆಂಟರಿಷ್ಟರು ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ಉಂಡೆ ತರಬೇಕು. ಅದು ನನಗೂ ಗೊತ್ತು, ಅತ್ತೆಗೂ ಗೊತ್ತು. ಆದರೆ ಆ ಹೊತ್ತಿಗೆ ಇಬ್ಬರ ತಲೆಯಲ್ಲೂ ಇಸುಬು ಬಿಟ್ಟು ಇನ್ನೇನೂ ಇರಲಿಲ್ಲ.

ಗಲ್ಲಾದಲ್ಲಿ ಕೂತಿದ್ದ ನನ್ನನ್ನು ನೋಡಿ ಹೂವಿನವಳು, "ಒಳ್ಳೇದಾಗ್ಲಿ ಕಣಕ್ಕ," ಅಂತ ಎರಡು ಮೊಳ ಮಲ್ಲಿಗೆ ಸುಮ್ಮನೆ ಕೊಟ್ಟು ಹೋದಳು. ಯಾಕಪ್ಪ ಈ ಧಾರಾಳ ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ತಟ್ಟೆ ಹಿಡಿದು ಮನೆಗೆ ನುಗ್ಗಿದರು. ಚಿಗಳಿ ಏನು, ತಂಬಿಟ್ಟೇನು, ಕೊಬ್ಬರಿ ಗಿಟುಕೇನು! ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದಾಗಲೇ ಕಾಮಗೆರೆಯಿಂದ ನನ್ನ ತಮ್ಮ ಬಂದ. ಬೈಕೇ ಕಾಣದಷ್ಟು ಹಸಿ ಸೊಪ್ಪು ಹೇರಿಕೊಂಡು ಬಂದಿದ್ದ. ಮುಖ ಊದಿತ್ತು.

"ಏನಕ್ಕ ಇದು? ಸೋದರಮಾವ ನಾನು ಬದುಕಿವ್ನಿ. ಸುದ್ದಿನ ಬೀದಿ ಜನ ಬಂದು ನಂಗೆ ಯೋಳ್ಬೇಕಾ?"

"ಲೋ, ಅದು ಇಸುಬಿಗೆ ಹಚ್ಚಿರೋದು ಕಣೋ!"

ಅವನು ಕೂಸನ್ನು ನೋಡಿದ, ಸೊಪ್ಪನ್ನು ನೋಡಿದ, ಮೆಲ್ಲಗೆ ಹಗ್ಗ ಬಿಚ್ಚಿದ. ಕೂಸು "ಥೂ, ನಿಮ್ಮೆಲ್ರ ಜೊತೇಲೂ ಟೂ!" ಅಂತ ಕೂಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡಿತು. ಸೊಪ್ಪು ಎಮ್ಮೆಯ ಪಾಲಾಯಿತು. ಅರಿಶಿನ ತೊಳೆದ ಮೇಲೆ ನೋಡಿದರೆ ಮೊಣಕೈ ಮೊದಲಿಗಿಂತ ಕೆಂಪಗಿತ್ತು. ಅತ್ತೆ ಮಾತ್ರ ಒಂದು ಚೂರೂ ಅಳುಕಲಿಲ್ಲ. ಚಿಗಳಿ ಉಂಡೆ ಬಾಯಿಗೆ ಹಾಕಿಕೊಂಡು, ತಟ್ಟೆಗಳನ್ನೆಲ್ಲ ಒಂದು ಸುತ್ತು ನೋಡಿ ಹೇಳಿದರು: "ತಪ್ಪಾಯ್ತು ಕಣವ್ವ. ನಾಳೆ ನಿಜ್ವಾಗ್ಲೂ ಆದಾಗ ಈ ಮುಂಡೇವು ಯಾರೂ ನಂಬಿ ಚಿಗಳಿ ತರಾಕಿಲ್ಲ."

೨. ಎಮ್ಮೆಗೆ ಬಂದ ಭಾಗ್ಯ

ಮಾರನೇ ದಿನ ಅತ್ತೆಯನ್ನೂ ಕರೆದುಕೊಂಡು ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಇನ್ನೂ ಹಳದಿಯಾಗಿದ್ದ ಕೂಸನ್ನು ತಿರುಗಿಸಿ ತಿರುಗಿಸಿ ನೋಡಿ, "ಇವಳಿಗೆ ಯಾರಮ್ಮ ಸುಣ್ಣ ಬಣ್ಣ ಮಾಡ್ಸಿದ್ದು?" ಅಂದರು. ಅತ್ತೆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಭಕ್ತಿಯಿಂದ ನೋಡತೊಡಗಿದರು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಕಜ್ಜಿ ಅಲ್ಲ, ಯಾರಿಗೂ ಅಂಟುವುದಿಲ್ಲ. ಈ ಚರ್ಮ ಬೇಗ ಒಣಗುತ್ತದೆ, ಬೇಗ ಕೆರಳುತ್ತದೆ. ಬೇವು ಅರಿಶಿನ ಒಳ್ಳೆಯ ಪದಾರ್ಥವೇ, ಆದರೆ ಕೆರೆದು ಬಿರುಕು ಬಿಟ್ಟ ಜಾಗಕ್ಕೆ ಅದೇ ಉರಿ. ಜಾಸ್ತಿ ಎದ್ದಾಗ ಹಚ್ಚುವುದಕ್ಕೆ ಒಂದು ಟ್ಯೂಬು ಬರೆದುಕೊಟ್ಟರು. ಸೋಪು ಬಿಡಿಸಿದರು. ಓಟ್ಸ್ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿ, ಆ ನೀರಿನಲ್ಲಿ ಸ್ನಾನ ಮಾಡಿಸಿ ಅಂದರು. "ಮೈ ಇನ್ನೂ ಹಸಿ ಇರೋವಾಗ್ಲೇ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ. ನಿಮ್ಮ ಅಂಗಡೀಲೇ ಗಾಣದ ಎಣ್ಣೆ ಇದ್ಯಲ್ಲ, ಅದೇ ಹಚ್ಚಿ. ಅದಕ್ಕೆ ಏನೂ ಬೆರೆಸ್ಬೇಡಿ. ಇವಳ ಮೈಗೆ ಒಗ್ಗುತ್ತಾ ನೋಡೋಣ."

ನಿಮ್ಮ ಅಂಗಡಿಯ ಎಣ್ಣೆ ಅಂದ ಕೂಡಲೇ ನನಗೆ ಎಂಥ ಹೆಮ್ಮೆ ಬಂತು ಅಂತೀರಿ! ಮಾವನವರ ಫೋಟೋಗೆ ಅವತ್ತು ಎರಡು ಊದುಬತ್ತಿ ಜಾಸ್ತಿ ಹಚ್ಚಿದೆ.

ಅತ್ತೆಗೆ ಎಣ್ಣೆ ಒಪ್ಪಿಗೆಯಾಯಿತು, ಓಟ್ಸ್ ಆಗಲಿಲ್ಲ. "ತಿನ್ನೋ ಪದಾರ್ಥನ ಬಚ್ಚಲಿಗೆ ಸುರೀತೀರಾ? ಅನ್ನದ ದೇವ್ರು ಮೆಚ್ತಾಳಾ?" ಅಂತ ಶುರು ಮಾಡಿದರು. ಮನೆಯಲ್ಲಿ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಎಮ್ಮೆಯ ಕಲಗಚ್ಚಿಗೆ ಹಾಕುವವರು ಅವರು. ಕಡೆಗೆ ಒಂದು ಉಪಾಯ ಕಂಡುಕೊಂಡರು. ಕೂಸನ್ನು ದೊಡ್ಡ ಬೋಸಿಯಲ್ಲಿ ನಿಲ್ಲಿಸಿ ಸ್ನಾನ ಮಾಡಿಸುವುದು, ಸೋಪಿಲ್ಲದ ಆ ನೀರನ್ನು ಒಂದು ಹನಿ ಬಿಡದೆ ಎಮ್ಮೆಗೆ ಇಡುವುದು, ಕಟ್ಟಿದ ಬಟ್ಟೆಯಲ್ಲಿ ಉಳಿದ ಓಟ್ಸನ್ನು ಬೂಸದ ಜೊತೆ ಕಲಸುವುದು.

ಎಮ್ಮೆಗೆ ಏನು ರುಚಿ ಹತ್ತಿತೋ! ಬರೀ ಬೂಸ ಇಟ್ಟರೆ ಮೂತಿ ತಿರುಗಿಸುತ್ತಿತ್ತು. ಕೂಸು ಟವೆಲ್ ಹೆಗಲಿಗೆ ಹಾಕಿಕೊಂಡರೆ ಸಾಕು, ಹಗ್ಗ ಜಗ್ಗಿ ಬಚ್ಚಲ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಒಂದು ದಿನ ಕೂಸಿಗೆ ಜ್ವರ, ಸ್ನಾನ ಇಲ್ಲ. ಎಮ್ಮೆ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೆರಿಗೆ ನೋವೇನೋ ಅಂತ ಓಡಿ ಬಂದರು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಕೇಳಿದರು, "ಓಟ್ಸ್ ಸ್ನಾನದಿಂದ ಏನಾದ್ರೂ ಗುಣ ಕಾಣ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಅಯ್ಯೋ, ಕಂಡದೆ ಕಣವ್ವ! ಮೈ ಮಿರಮಿರ ಅಂತದೆ, ಕೂದ್ಲು ರೇಷ್ಮೆ ಆಗದೆ, ಹಾಲು ಬೇರೆ ಗಟ್ಟಿ ಆಗದೆ."

೩. ಉರಿಯದ ಎಣ್ಣೆ

ನಿಧಾನವಾಗಿ ಮೊಣಕೈ ತಣ್ಣಗಾಯಿತು. ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಆದರೆ ಕೂಸು ಕೆರೆಯದೆ ನಿದ್ದೆ ಮಾಡತೊಡಗಿತು. ಸುದ್ದಿ ಹಬ್ಬುವುದಕ್ಕೆ ಅಷ್ಟು ಸಾಕಲ್ಲ! ಹನೂರು, ಯಳಂದೂರು, ಗಡಿಯ ಮಾರ್ಟಳ್ಳಿಯಿಂದೆಲ್ಲ ಕೆರೆದುಕೊಳ್ಳುವ ಜನ ನಮ್ಮ ಅಂಗಡಿ ಹುಡುಕಿಕೊಂಡು ಬರತೊಡಗಿದರು.

ನನ್ನದು ಒಂದೇ ಶಿಸ್ತು. ನೀರು ಸುರಿಯುತ್ತಿದ್ದರೆ, ಕೀವು ಕಂಡರೆ, ಎಣ್ಣೆ ಕೊಡುವುದಿಲ್ಲ. "ಮೊದ್ಲು ಡಾಕ್ಟ್ರ ಹತ್ರ ತೋರ್ಸಿ," ಅಂತ ವಾಪಸ್ ಕಳಿಸುತ್ತೇನೆ. ಬಂದ ಗಿರಾಕಿಯನ್ನು ವಾಪಸ್ ಕಳಿಸುವ ಅಂಗಡಿ ಈ ತಾಲ್ಲೂಕಿನಲ್ಲಿ ನಮ್ಮದೊಂದೇ ಅಂತ ಯಜಮಾನರು ರೇಗಿಸುತ್ತಾರೆ. ಹೌದು, ಒಂದೇ. ಅದಕ್ಕೇ ನನಗೆ ಜಂಬ.

ಯಳಂದೂರಿನ ಒಬ್ಬ ಹುಡುಗ ಮೊಬೈಲ್ ನೋಡಿಕೊಂಡು ಕೇಳುತ್ತಾ ಹೋದ. ಬೆಳ್ಳುಳ್ಳಿ, ಶುಂಠಿ, ಲವಂಗ, ಪುದೀನ, ನಿಂಬೆಹಣ್ಣು, ಮೊಸರು. ಎಲ್ಲ ಅರೆದು ಇಸುಬಿಗೆ ಹಚ್ಚುತ್ತಾನಂತೆ, ಪೂರ್ತಿ ನ್ಯಾಚುರಲ್ ಅಂತೆ. "ತಮ್ಮಾ, ನಾವು ತಿನ್ನೋ ಜನ ಅಲ್ಲ, ಆದ್ರೂ ಯೋಳ್ತೀನಿ ಕೇಳು, ಇದಕ್ಕೊಂದು ಕೋಳಿ ಕಮ್ಮಿ ಆಯ್ತು," ಅಂದೆ.

ಮಾರ್ಟಳ್ಳಿಯಿಂದ ಬಂದ, ತಮಿಳು ಬೆರೆಸಿ ಮಾತಾಡುವ ಒಬ್ಬ ಹೆಂಗಸು ಮಾತ್ರ ನನ್ನನ್ನೇ ಸುಸ್ತು ಮಾಡಿದಳು. ಅವಳ ಕಾಲಿನ ಇಸುಬನ್ನು ಡಾಕ್ಟರು ನೋಡಿ ಎಣ್ಣೆ ಹಚ್ಚಬಹುದು ಅಂದಿದ್ದರು. ಎಣ್ಣೆ ಕೊಟ್ಟು ಕಳಿಸಿದೆ. ಮುಂದಿನ ಸಂತೆಗೆ ಬಾಟಲಿ ಹಿಡಿದುಕೊಂಡು ವಾಪಸ್ ಬಂದಳು.

"ಅಕ್ಕಾ, ಇದು ಎರಿಯವೇ ಇಲ್ಲ!"

"ಉರೀಬಾರ್ದು ಕಣಮ್ಮ. ಉರೀದೇ ಇರ್ಲಿ ಅಂತಾನೇ ಇದನ್ನ ಕೊಟ್ಟಿರೋದು."

"ಎರಿಯಾಮ ಎಪ್ಪಡಿ ಅಕ್ಕಾ? ಉರೀಲಿಲ್ಲ ಅಂದ್ರೆ ಅದು ಮರುಂದಾ, ಔಷಧಿನಾ? ನಮ್ಮ ಪಾಟಿ, ನಮ್ಮಜ್ಜಿ, ಹಚ್ಚಿದ್ರೆ ಕಣ್ಣಲ್ಲಿ ನೀರು ಬರೋದು. ಸ್ವಲ್ಪ ಖಾರವಾಗಿರೋದು ಕೊಡಕ್ಕ." ಖಾರವಾದ ಎಣ್ಣೆ ಕೊಡುವವರೆಗೆ ಕದಲುವುದಿಲ್ಲ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹಿಂದೆ ಗಿರಾಕಿಗಳು ನಿಂತಿದ್ದಾರೆ. ನನ್ನ ತಲೆ ಕೆಟ್ಟುಹೋಯಿತು.

"ಆಯ್ತು, ಒಂದು ಗುಟ್ಟು ಯೋಳ್ತೀನಿ, ಯಾರಿಗೂ ಯೋಳ್ಬೇಡ," ಅಂದೆ. "ದಿನಾ ಈ ಎಣ್ಣೆ ಹಚ್ಚೋವಾಗ ಒಂದು ಹಸಿ ಮೆಣಸಿನಕಾಯಿ ಬಾಯಿಗೆ ಹಾಕ್ಕೊಂಡು ಚೆನ್ನಾಗಿ ಅಗೀಬೇಕು."

ಅವಳ ಮುಖ ಅರಳಿತು. "ಅಪ್ಪಡಿ ಸೊಲ್ಲುಂಗ ಅಕ್ಕಾ, ಹಂಗನ್ನಿ ಮತ್ತೆ!" ಅಂತ ಕೈ ಮುಗಿದು ಹೋದಳು.

ಒಂದು ತಿಂಗಳಾದ ಮೇಲೆ ಗಂಡನನ್ನೂ ಕರೆದುಕೊಂಡು ಬಂದಳು. ಕಾಲು ಚೆನ್ನಾಗಿ ನುಣುಪಾಗಿತ್ತು. ನನಗೂ ಖುಷಿಯಾಯಿತು. ಅವಳು ಗಲ್ಲಾದ ಮೇಲೆ ಬಗ್ಗಿ ಪಿಸುಗುಟ್ಟಿದಳು: "ಅಕ್ಕಾ, ಎಣ್ಣೆ ಸಾಕು, ಇನ್ನೂ ಮಿಕ್ಕದೆ. ಆ ಮರುಂದು ಮೆಣಸಿನಕಾಯಿ ಇದ್ರೆ ಒಂದು ಕಾಲು ಕೇಜಿ ಕೊಡಿ."

೪. ಅತ್ತೆಯ ಸಾಕ್ಷಿ

ಕೈ ಒಂದು ಮಟ್ಟಕ್ಕೆ ಬಂದ ಮೇಲೆ ನಾನು, ಅತ್ತೆ, ಕೂಸು ಮೂವರೂ ಪಿ.ಟಿ. ಮೇಷ್ಟ್ರ ಮುಂದೆ ನಿಂತೆವು. ಅವರು ಕೆಟ್ಟವರಲ್ಲ ಪಾಪ, ಪುಕ್ಕಲರು. "ಇನ್ನೂ ಒಂಚೂರು ಕೆಂಪಗದೆ ಅಲ್ವಮ್ಮ?" ಅಂತ ರಾಗ ತೆಗೆದರು.

"ಸಾ, ಇದು ಹೀಗೇ ಬರ್ತದೆ, ಹೋಗ್ತದೆ. ಅಂಟಲ್ಲ ಅಂತ ಡಾಕ್ಟ್ರೇ ಹೇಳವ್ರೆ. ಪೂರ್ತಿ ಹೋದ್ಮೇಲೆ ಆಡ್ಸಿ ಅಂದ್ರೆ ಅವಳು ಅಜ್ಜಿ ಆಗಿರ್ತಾಳೆ," ಅಂದೆ.

"ನಾನು ಒಪ್ತೀನಮ್ಮ. ಆದ್ರೆ ಬೇರೆಯವ್ರು ಒಪ್ಪಬೇಕಲ್ಲ. ಸಾಕ್ಷಿ ಕೇಳ್ತಾರೆ."

ಸಾಕ್ಷಿ ಅನ್ನುವ ಪದ ಕಿವಿಗೆ ಬಿದ್ದದ್ದೇ ತಡ, ಅತ್ತೆ ಸೆರಗು ಬಿಗಿದರು. "ಸಾಕ್ಷಿ ಬೇಕಾ ಸಾ? ಈ ಕೂಸು ಎದೆಹಾಲು ಬಿಟ್ಟಾಗಿಂದ ನನ್ನ ಮಗ್ಗುಲಲ್ಲೇ ಮಲೀಕತದೆ. ಒಂದೇ ಕಂಬಳಿ. ನನ್ನ ತೋಳೇ ಅದಕ್ಕೆ ದಿಂಬು. ಅಂಟೋದಾಗಿದ್ರೆ ನಂಗೆ ಮೊದ್ಲು ಅಂಟ್ಬೇಕಿತ್ತು. ನೋಡಿ ಸಾ, ಕೈ ನೋಡಿ!" ಅಂತ ಎರಡೂ ಕೈ ಅವರ ಮೂಗಿಗೆ ಹಿಡಿದರು. "ಕಂಡ್ತಾ? ಈಗ ಕುತ್ತಿಗೆ ನೋಡಿ!" ಕುತ್ತಿಗೆ ತೋರಿಸಿದರು. "ಈಗ ಮಂಡಿ ನೋಡಿ!" ಸೀರೆ ಮಂಡಿಯವರೆಗೆ ಎತ್ತಿ ಕಾಲನ್ನು ಮೇಜಿನ ಮೇಲೇ ಇಟ್ಟುಬಿಟ್ಟರು.

ಅಷ್ಟರಲ್ಲಿ ಟೀಚರುಗಳೆಲ್ಲ ಬಾಗಿಲಲ್ಲಿ ಸೇರಿದ್ದರು. ಮೇಷ್ಟ್ರು ಬೆವೆತು ಹೋಗಿದ್ದರು. "ಸಾಕು ಅಮ್ಮ, ನೋಡ್ದೆ, ನಂಬ್ದೆ..."

"ಇನ್ನೂ ಬೆನ್ನು ನೋಡಿಲ್ವಲ್ಲ ಸಾ!" ಅಂತ ಅತ್ತೆ ತಿರುಗಿ ನಿಂತರು.

ಮೇಷ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕಿರುಚಿದರು: "ಸೇರಿಸ್ಕೊಂಡೆ! ನಾಳೆಯಿಂದ ಪ್ರಾಕ್ಟೀಸಿಗೆ ಬರಲಿ! ಬೇಕಾದ್ರೆ ಕ್ಯಾಪ್ಟನ್ ಮಾಡ್ತೀನಿ!"

೫. ಹನೂರಿನ ಮೈದಾನ

ಮೊದಲ ಪಂದ್ಯ ಹನೂರಿನಲ್ಲಿ. ಬೇರೆ ಸ್ಕೂಲಿನ ಗಟ್ಟಿಮುಟ್ಟಾದ ಹುಡುಗಿಯರ ಎದುರು. ಕೂಸು ಅವತ್ತು ಮೊದಲ ಸಲ ಅರೆತೋಳಿನ ಜೆರ್ಸಿ ಹಾಕಿತ್ತು. ಕನ್ನಡಿ ಮುಂದೆ ನಿಂತು ಮೊಣಕೈಯನ್ನು ಒಂದು ಸಲ ಮುಚ್ಚಿಕೊಂಡಿತು, ಆಮೇಲೆ ಕೈ ತೆಗೆಯಿತು. ನೋಡಿಯೂ ನೋಡದ ಹಾಗೆ ನಾನು ಜಡೆ ಹೆಣೆದೆ.

ಸ್ನಾನವಾದ ಮೇಲೆ ತೆಳ್ಳಗೆ ಎಣ್ಣೆ ಸವರುವುದು ದಿನದ ಪದ್ಧತಿ. ಆದರೆ ಒಳ್ಳೆಯ ಕೆಲಸಕ್ಕೆ ಹೊರಟ ಮಕ್ಕಳಿಗೆ ಎಣ್ಣೆ ಒತ್ತಿ ಕಳಿಸುವುದು ಧನಗೆರೆಯ ಪದ್ಧತಿ. ನಾನು ಬುತ್ತಿ ಕಟ್ಟುತ್ತಿದ್ದಾಗ ಅತ್ತೆ ಎರಡೂ ಪದ್ಧತಿಯನ್ನು ಒಟ್ಟಿಗೇ, ಮೈತುಂಬ ಮುಗಿಸಿದ್ದರು.

ಕೂಸು ಮೊದಲ ರೈಡಿಗೆ ಹೋಯಿತು. ಒಬ್ಬಳು ಕೈ ಹಿಡಿದಳು, ಜಾರಿತು. ಇನ್ನೊಬ್ಬಳು ಕಾಲು ಹಿಡಿದಳು, ಜಾರಿತು. ಮೂರನೆಯವಳು ಸೊಂಟ ಹಿಡಿಯಲು ಹೋಗಿ ತಾನೇ ಜಾರಿ ಬಿದ್ದಳು. ನಮ್ಮ ಕಡೆಯವರು ಕೇಕೆ ಹಾಕಿದೆವು. ಎದುರು ಟೀಮಿನ ಕೋಚು ಎದ್ದು ನಿಂತರು. ಹುರಿ ಮೀಸೆ, ಆ ಧಗೆಯಲ್ಲೂ ಹಿಮ್ಮಡಿಯವರೆಗೆ ಟ್ರ್ಯಾಕ್ ಪ್ಯಾಂಟು, ಮೇಲೆ ಕಾಲುಚೀಲ. "ಅಂಪೈರ್! ಆ ಹುಡ್ಗಿ ಎಣ್ಣೆ ಸವರ್ಕೊಂಡು ಬಂದವ್ಳೆ! ಮೋಸ!" ಅಂತ ಕೂಗಿದರು.

ಅಂಪೈರು ಬಂದು ಕೂಸಿನ ತೋಳು ಮುಟ್ಟಿದರು, ಬೆರಳು ಮೂಸಿದರು. "ಒಳ್ಳೇ ಗಾಣದ ಕೊಬ್ಬರಿ ಎಣ್ಣೆ," ಅಂದರು. ನನಗೆ ಆಗಲೂ ಒಳಗೊಳಗೇ ಹೆಮ್ಮೆ. ಆದರೆ ಪಾಯಿಂಟು ರದ್ದಾಯಿತು. ಸೋಪಿನಲ್ಲಿ ತೊಳೆದುಕೊಂಡು ಬರಬೇಕು, ಇಲ್ಲದಿದ್ದರೆ ಆಡುವ ಹಾಗಿಲ್ಲ ಅಂದರು.

"ಸೋಪು ಆಕಂಗಿಲ್ಲ!" ಅಂತ ಅತ್ತೆ ಅಂಕಣದೊಳಕ್ಕೇ ನುಗ್ಗಿದರು. "ಡಾಕ್ಟ್ರಮ್ಮ ಬಯ್ತಾರೆ!" ಸುತ್ತ ನೋಡಿದರು. ಮೈದಾನದ ಪಕ್ಕದಲ್ಲಿ ಬಜ್ಜಿ ಗಾಡಿ ನಿಂತಿತ್ತು. ಸೀದಾ ಹೋಗಿ ಬಜ್ಜಿಯವನ ಡಬ್ಬದಿಂದ ಎರಡು ಬೊಗಸೆ ಕಡಲೆಹಿಟ್ಟು ಎತ್ತಿಕೊಂಡು ಬಂದರು. ಅವನು "ಅಜ್ಜೀ, ನನ್ನ ಹಿಟ್ಟು!" ಅಂತ ಜಾಲರಿ ಹಿಡಿದುಕೊಂಡು ಹಿಂದೆ ಓಡಿ ಬಂದ. ಎಲ್ಲರ ಎದುರಿಗೆ ಕೂಸಿನ ಕೈಕಾಲಿಗೆ ಹಿಟ್ಟು ಉಜ್ಜಿ, ನೀರು ಹೊಯ್ದು, ಸೆರಗಿನಲ್ಲಿ ಒರೆಸಿ, "ತಕಳಿ, ಈಗ ಮೂಸಿ!" ಅಂದರು. ಜನ ಬಿದ್ದು ಬಿದ್ದು ನಗುತ್ತಿದ್ದರು. "ಇನ್ನು ಬಾಣಲೆಗೆ ಬಿಡೋದೊಂದೇ ಬಾಕಿ!" ಅಂತ ಯಾರೋ ಕೂಗಿದರು.

ನಾನು ನಗಲಿಲ್ಲ. ಉಜ್ಜಿದ್ದಕ್ಕೆ ಮೊಣಕೈ ಕೆಂಪಗೆ ಎದ್ದಿತ್ತು. ಇಡೀ ಮೈದಾನಕ್ಕೆ ಕಾಣುತ್ತಿತ್ತು.

ಕೂಸು ಮತ್ತೆ ರೈಡಿಗೆ ಇಳಿಯಿತು. "ಕಬಡ್ಡಿ, ಕಬಡ್ಡಿ..." ಎದುರಿನ ಹುಡುಗಿಯರು ಹಿಂದಕ್ಕೆ ಸರಿದರು. ಒಬ್ಬಳು ಇನ್ನೊಬ್ಬಳಿಗೆ, "ಏಯ್, ಮುಟ್ಬೇಡ್ವೇ, ಕಜ್ಜಿ!" ಅಂದದ್ದು ಕಟ್ಟೆಯ ಮೇಲೆ ಕೂತಿದ್ದ ನನಗೇ ಕೇಳಿಸಿತು. ಎಲ್ಲರೂ ಮೂಲೆ ಸೇರಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಹಿಡಿಯುವವರು ಯಾರೂ ಇಲ್ಲ. ಕೈ ಚಾಚಿ ಸವರಿಕೊಂಡು ಬಂದರೆ ರಾಶಿ ಪಾಯಿಂಟು. "ಮುಟ್ಟು! ಮುಟ್ಬಿಟ್ಟು ಓಡ್ ಬಾ!" ಅಂತ ನಮ್ಮ ಮೇಷ್ಟ್ರು ಕುಣಿಯುತ್ತಿದ್ದರು.

ಕೂಸು ನಿಂತುಬಿಟ್ಟಿತು. ಎರಡೂ ಕೈ ಮುಂದೆ ಚಾಚಿ, ಮೊಣಕೈಯ ಒಳಮೈಯನ್ನು ಅವರಿಗೆ ತೋರಿಸಿತು. ಅಜ್ಜಿಯ ಗಂಟಲು ಅಲ್ಲಿ ಕೇಳಿಸಿತು ನನಗೆ.

"ಇದು ಕಜ್ಜಿ ಅಲ್ಲ! ಅಂಟಲ್ಲ ಕಣ್ರೇ! ಬನ್ನಿ, ಇಡ್ಕಳಿ!"

ಅಂಪೈರು ಪೀಪಿ ಊದಿದರು. "ಉಸಿರು ಬಿಟ್ಲು. ಔಟ್!"

ಮೇಷ್ಟ್ರು ತಲೆ ಮೇಲೆ ಕೈಯಿಟ್ಟು ಕೂತರು. ಆ ಕಡೆಯ ಕ್ಯಾಪ್ಟನ್ ಹುಡುಗಿ ಒಂದು ಸಲ ಮಗಳ ಮುಖ ನೋಡಿದಳು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಮುಂದಿನ ಸಲ ಕೂಸು ಒಳಗೆ ಹೋದಾಗ ಅದೇ ಕ್ಯಾಪ್ಟನ್ ಮೊದಲು ಹಾರಿ ಬಂದು ಆ ಎರಡು ಮೊಣಕೈಯನ್ನೇ ಗಟ್ಟಿಯಾಗಿ ಹಿಡಿದಳು. ಉಳಿದವರೆಲ್ಲ ಮೇಲೆ ಬಿದ್ದರು. ಆ ರಾಶಿಯ ಅಡಿಯಿಂದ ನನ್ನ ಮಗಳು ನಗುವುದು ಕೇಳಿಸಿತು. ಸಿಕ್ಕಿಬಿದ್ದವಳು ಹಾಗೆ ನಕ್ಕಿದ್ದನ್ನು ನಾನು ಯಾವ ಕಬಡ್ಡಿಯಲ್ಲೂ ನೋಡಿಲ್ಲ. ಕಟ್ಟೆಯ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. ಅವಳನ್ನು ಹೆತ್ತದ್ದಕ್ಕೆ ಅವತ್ತಿನಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಪಂದ್ಯ ಒಂದೇ ಒಂದು ಪಾಯಿಂಟಿನಲ್ಲಿ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ತಡೆಯಲಾರದೆ ಹೇಳಿದರು: "ಸುಮ್ನೆ ಕಬಡ್ಡಿ ಕಬಡ್ಡಿ ಅಂದ್ಕೊಂಡು, ಬೇರೆ ಮಾತಿಗೆ ಬಾಯಿ ಮುಚ್ಕೊಂಡಿದ್ರೆ ಗೆಲ್ತಿದ್ವಲ್ಲ ತಾಯಿ!"

ಕಿಟಕಿ ಪಕ್ಕ ಬಜ್ಜಿ ತಿನ್ನುತ್ತಿದ್ದ ಅತ್ತೆ ತಿರುಗಿ ನೋಡಿದರು. "ಬಾಯಿ ಮುಚ್ಕಳೋದಾ? ಅದೊಂದು ನಮ್ಮ ವಂಶದಲ್ಲೇ ಇಲ್ಲ ಸಾ. ಬೇರೆ ಏನಾದ್ರೂ ಕೇಳಿ."

೬. ಮೀಸೆಯ ಗಿರಾಕಿ

ಅದಾದ ಒಂದಷ್ಟು ದಿನಕ್ಕೆ, ಅಂಗಡಿಯಲ್ಲಿ ಜನ ಇಲ್ಲದ ಮಧ್ಯಾಹ್ನ, ಮೆಟ್ಟಿಲ ಮೇಲೆ ಒಂದು ಹುರಿ ಮೀಸೆ ಕಂಡಿತು. ಅದೇ ಟ್ರ್ಯಾಕ್ ಪ್ಯಾಂಟು, ಅದೇ ಕಾಲುಚೀಲ. ಬೀದಿಯ ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಒಳಗೆ ಬಂದರು. ಮಗಳು ಅರೆತೋಳಿನ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತು ಸೀಗೆಕಾಯಿ ಪೊಟ್ಟಣ ಕಟ್ಟುತ್ತಿದ್ದಳು. ಅವಳನ್ನು ಕಂಡು ಮೀಸೆ ಸ್ವಲ್ಪ ಇಳಿಯಿತು.

"ಅಮ್ಮಾ, ಆ ಎಣ್ಣೆ ಇದ್ಯಾ?" ಅಂತ ಪಿಸುದನಿಯಲ್ಲಿ ಕೇಳಿದರು.

ನನಗೆ ಪಿತ್ತ ನೆತ್ತಿಗೇರಿತು. "ಯಾವ ಎಣ್ಣೆ? ಮೋಸದ ಎಣ್ಣೆನಾ? ಅವತ್ತು ಅಷ್ಟು ಜನದ ಮುಂದೆ ನನ್ನ ಮಗಳಿಗೆ ಬಜ್ಜಿ ಥರ ಹಿಟ್ಟು ಹಚ್ಚಿಸಿ, ಇವತ್ತು ನಿಮ್ಮ ಟೀಮಿಗೆ ಸವರೋದಕ್ಕೆ ಬಂದ್ರಾ? ನಾಚ್ಕೆ ಆಗಲ್ವಾ ಸಾ? ನಮ್ಮ ಎಣ್ಣೆ ಜಾರೋದಕ್ಕಲ್ಲ..." ಶುರು ಮಾಡಿದರೆ ನಿಲ್ಲಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಲ್ಲ! ಅತ್ತೆ ಒಳಗಿನಿಂದ, "ಯಾರವ್ವ ಅದು? ನಾನೂ ಬರ್ಲಾ?" ಅಂತ ಕೂಗಿದರು.

ಆ ಮನುಷ್ಯ ಬಗ್ಗಿ ಕಾಲುಚೀಲ ಕೆಳಗೆ ಸರಿಸಿ, ಪ್ಯಾಂಟನ್ನು ಮೇಲಕ್ಕೆ ಎಳೆದರು. ಹಿಮ್ಮಡಿಯಿಂದ ಮೀನಖಂಡದವರೆಗೆ ಕೆರೆದು ಕೆರೆದು ದಡ್ಡುಗಟ್ಟಿದ ಇಸುಬು.

"ಚಿಕ್ಕಂದಿನಿಂದ ಅದೆ ಕಣಮ್ಮ," ಅಂದರು. "ನಾನು ಆಡೋ ಕಾಲದಿಂದ್ಲೂ ಪ್ಯಾಂಟು ಬಿಟ್ಟು ಚಡ್ಡಿ ಹಾಕಿಲ್ಲ. ಯಾರಾದ್ರೂ ಏನಾದ್ರೂ ಅಂದಾರು ಅಂತ. ಅವತ್ತು ಈ ಕೂಸು ಕೈ ಚಾಚಿ ನಿಂತದ್ದು ನೋಡಿ ನಂಗೆ ಮನೆಗೆ ಹೋದ್ರೂ ಊಟ ಸೇರ್ಲಿಲ್ಲ."

ನನ್ನ ಬಾಯಿ ಅವತ್ತು ತಾನಾಗಿಯೇ ಮುಚ್ಚಿಕೊಂಡಿತು. ಬಾಗಿಲಿಗೆ ಬಂದ ಅತ್ತೆಯೂ ಮಾತಾಡಲಿಲ್ಲ. ನಮ್ಮ ವಂಶದಲ್ಲಿ ಅದೇ ಮೊದಲು.

ಮಗಳು ಎದ್ದು ಅವರ ಮುಂದೆ ಕೂತಳು. ಬಗ್ಗಿ ನೋಡಿದಳು. ಆಮೇಲೆ ತನ್ನ ಕೈಯನ್ನು ಆ ದಡ್ಡುಗಟ್ಟಿದ ಕಾಲಿನ ಮೇಲೆ ಮೆಲ್ಲಗೆ ಇಟ್ಟಳು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಬೀದಿಯ ಕಡೆ ಮುಖ ತಿರುಗಿಸಿಕೊಂಡರು.

"ಇದು ಅಂಟಲ್ಲ ಕಣ್ ಸಾ, ಹೆದ್ರಬೇಡಿ," ಅಂದಳು. "ಮೊದ್ಲು ನಮ್ಮ ಡಾಕ್ಟ್ರಮ್ಮಂಗೆ ತೋರ್ಸಿ. ಸೋಪು ಬಿಡಿ. ಸ್ನಾನ ಆದ್ಮೇಲೆ ಮೈ ಹಸಿ ಇರೋವಾಗ್ಲೇ ಈ ಎಣ್ಣೆ ತೆಳ್ಳಗೆ ಹಚ್ಕಳಿ. ಓಟ್ಸ್ ನೀರು ಮಿಕ್ಕಿದ್ರೆ ಎಮ್ಮೆಗೆ ಹಾಕಿ."

ಆಮೇಲೆ ಎಣ್ಣೆ ಬಾಟಲಿಯನ್ನು ತಾನೇ ತೆಗೆದು, ಕಾಗದದಲ್ಲಿ ಸುತ್ತಿ, ಅವರ ಕೈಗೆ ಕೊಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಮಗಳು ಹಿಂದಿನಿಂದ ಕೂಗಿದಳು:

"ಸಾ! ಇದ ಹಚ್ಕೊಂಡು ಮ್ಯಾಚಿಗೆ ಮಾತ್ರ ಬರಬೇಡಿ, ನಾವು ಅಂಪೈರಿಗೆ ಕಂಪ್ಲೇಂಟ್ ಕೊಡ್ತೀವಿ!"